ಮೊಸರಿನ ಗಡಿಗೆಗೆ ಅಂಟಿಸಿದ ಲೇಬಲ್

ಬೆಂಗಳೂರಿನ ಆಫೀಸುಗಳ ಫ್ರಿಜ್‌ನಲ್ಲಿ ಈಗ ಪುಟ್ಟ ಪ್ರೊಬಯಾಟಿಕ್ ಬಾಟಲಿಗಳದ್ದೇ ದರ್ಬಾರು. ಊರ ಕಡೆಯ ವಾಟ್ಸ್ಯಾಪ್ ಗುಂಪಿನಲ್ಲಿ ಬೇರೆಯದೇ ಹೆಮ್ಮೆ: "ನಮ್ಮ ಶಿರಹಟ್ಟಿ, ಮುಂಡರಗಿ ಅಜ್ಜಿಯರ ಅಂಬಲಿ, ಮಜ್ಜಿಗಿ ಮುಂದ ಇದೇನ್ ಮಹಾ!" ಇಬ್ಬರೂ ಒಂದೇ ಪ್ರಶ್ನೆ ತಪ್ಪಿಸ್ತಾರೆ ಅನ್ನೋದು ನನ್ನ ತಕರಾರು: ಯಾವ ಜೀವಿ, ಎಷ್ಟು, ಯಾವ ತೊಂದರೆಗೆ?

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ತಜ್ಞರು ಪ್ರೊಬಯಾಟಿಕ್‌ಗೆ ಮೂರು ಷರತ್ತು ಇಟ್ಟರು. ಸೂಕ್ಷ್ಮಾಣು ಜೀವಂತ ಇರಬೇಕು, ಸಾಕಷ್ಟಿರಬೇಕು, ಆರೋಗ್ಯಕ್ಕೆ ಲಾಭ ಆಗಬೇಕು.

ಮೊದಲು ನಮ್ಮ ಗಡಿಗೆ ನೋಡೋಣ. ಜೋಳದ ಹಿಟ್ಟು ರಾತ್ರಿಯೆಲ್ಲ ಹುಳಿ ಬರಿಸಿ ಬೆಳಿಗ್ಗೆ ಕುದಿಸಿದರೆ, ಹುಳಿ ಬರಿಸಿದ ಬ್ಯಾಕ್ಟೀರಿಯಾ ಸತ್ತೇ ಹೋಗ್ತಾವೆ. ಇಡ್ಲಿಯದೂ ಅದೇ ಕಥೆ. ಅಂಬಲಿ ಆರಿದ ಮೇಲೆ ಬೆರೆಸಿದ ಮಜ್ಜಿಗೆಯಲ್ಲಿ ಜೀವ ಇರ್ತದೆ. ಆದರೆ ಬೆಟಗೇರಿಯ ಹೆಪ್ಪು ಬೇರೆ, ಲಕ್ಷ್ಮೇಶ್ವರದ ಹೆಪ್ಪು ಬೇರೆ. ಅಡುಗೆಮನೆಯಲ್ಲಿ ತಳಿ ಎಣಿಸೋರು ಯಾರು? ಹಾಗಂತ ಮೊಸರು ಕೀಳಲ್ಲ. ಪ್ರೋಟೀನು, ಕ್ಯಾಲ್ಸಿಯಂ ಕೊಡ್ತದೆ, ಹಾಲು ಅರಗದ ಎಷ್ಟೋ ಜನಕ್ಕೂ ಅರಗ್ತದೆ. ಅದು ಒಳ್ಳೆಯ ಊಟ. ಅದಕ್ಕೆ ಔಷಧದ ಪಟ್ಟ ಬೇಕಿಲ್ಲ.

ಇನ್ನು ಬಾಟಲಿ. ಯಾಕುಲ್ಟ್‌ನ 65 ಮಿ.ಲೀ.ನಲ್ಲಿ 650 ಕೋಟಿ ಬ್ಯಾಕ್ಟೀರಿಯಾ ಅಂತ ಬರೆದಿರ್ತದೆ, ತಳಿಯ ಹೆಸರೂ ಇರ್ತದೆ. ಅಷ್ಟು ಪ್ರಾಮಾಣಿಕತೆ ಮೆಚ್ಚೋಣ. ಆದರೆ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ನಿಮ್ಮ ಗ್ಯಾಸು, ಸುಸ್ತು ಹೋಗೋದಿಲ್ಲ. ನಮ್ಮ ಕಸುಬಿನ ಮಾತಲ್ಲಿ ಹೇಳಿದರೆ, ಸಾಫ್ಟ್‌ವೇರ್ ಹೆಸರು ಸಾಲದು, ವರ್ಷನ್ ಬೇಕು. ಒಂದು ತಳಿ ಮಾಡಿದ್ದನ್ನ ಇನ್ನೊಂದು ಮಾಡ್ತದೆ ಅಂತಿಲ್ಲ.

ಸರಿಯಾದ ತಳಿ ಕೆಲಸ ಮಾಡಿದ್ದೂ ಉಂಟು. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ 'ನೇಚರ್'ನಲ್ಲಿ ಬಂತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದಕ್ಕೆ ಆಹಾರವಾಗುವ ಸಕ್ಕರೆಯಂಶದ ಜೊತೆ ಏಳು ದಿನ ಕೊಟ್ಟಾಗ, ನಂಜು ಅಥವಾ ಸಾವಿಗೆ ಈಡಾದ ಕೂಸುಗಳ ಪ್ರಮಾಣ ಶೇ. 9ರಿಂದ 5.4ಕ್ಕೆ ಇಳಿಯಿತು. ಮರುವರ್ಷ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಬೇರೆ ತಳಿಗಳನ್ನು ವಾಂತಿಭೇದಿಯ ಮಕ್ಕಳಿಗೆ ಕೊಟ್ಟರು. ಅಲ್ಲಿ ಲಾಭ ಕಾಣಲಿಲ್ಲ. 2018ರಲ್ಲೇ 'ಸೆಲ್' ಪತ್ರಿಕೆಯ ಇನ್ನೊಂದು ಅಧ್ಯಯನದ ಪ್ರಕಾರ, ಆ್ಯಂಟಿಬಯಾಟಿಕ್ ನಂತರ ಕೊಟ್ಟ ಪ್ರೊಬಯಾಟಿಕ್ ಕರುಳಿನ ಸ್ವಂತ ಬ್ಯಾಕ್ಟೀರಿಯಾ ಮರಳೋದನ್ನೇ ತಡಮಾಡಿತು.

ಇದು ಬರೀ ಲೇಬಲ್ ಜಗಳ ಅಲ್ಲ. ಪ್ಯಾಟಿಯಲ್ಲಿರೋ ನಮ್ಮ ಮಾತಿಗೆ ಊರಲ್ಲಿ ಡಾಕ್ಟರ್ ಮಾತಿನಷ್ಟೇ ತೂಕ. "ಕೂಸಿಗೆ ಭೇದಿ ಹತ್ತೈತಿ, ಏನ್ ಕೊಡ್ಲಿ?" ಅಂತ ಅಕ್ಕ ಫೋನ್ ಮಾಡಿದಾಗ ಬಾಟಲಿ ಹೆಸರು ಹೇಳಬ್ಯಾಡ್ರಿ. ಓಆರ್‌ಎಸ್ ಕುಡಿಸು, ಜಿಂಕ್ ಕೊಡಿಸು, ಎದೆಹಾಲು ನಿಲ್ಲಿಸಬ್ಯಾಡ, ಕೂಸು ಬಾಡಿದರೆ ತಡಮಾಡದೆ ದವಾಖಾನಿಗೆ ನಡಿ ಅನ್ರಿ. ಮೊಸರಿನ ಮಾತು ಆಮ್ಯಾಲ.