ಹಿತ್ತಾಳೆ ಯಾರದು, ಉಸಿರು ಯಾರದು?

ಇಂಗ್ಲೆಂಡಿನ ಗಣಿ ಊರುಗಳ ಬ್ರಾಸ್ ಬ್ಯಾಂಡನ್ನು ಸಂಗೀತದ ಪಂಡಿತರಲ್ಲಿ ಅನೇಕರು ಕೆಳಗಿಟ್ಟೇ ನೋಡಿದರು. ಪಾರ್ಕಿನಲ್ಲಿ ಊದಿಕೊಂಡಿರಲಿ, ಕಛೇರಿಗೆ ಯಾಕೆ ಅನ್ನೋ ಧೋರಣೆ. ಈಗ ಹೊಗಳುವವರೂ ಇದ್ದಾರೆ: ನಾದ ಬೆಚ್ಚಗಿದೆ, ಕಣ್ಣೀರು ತರಿಸುತ್ತದೆ ಅಂತಾರೆ. ಧ್ವನಿಮುದ್ರಣಗಳಲ್ಲಿ ಇದನ್ನು ಕೇಳಿದ ನಮಗೆ ಈ ಹೊಗಳಿಕೆಯೂ ಅನುಮಾನ ಹುಟ್ಟಿಸುತ್ತದೆ. ಬೆಚ್ಚಗಿರುವುದು ಯಾಕೆ ಅಂತ ಇಬ್ಬರೂ ಕೇಳುವುದಿಲ್ಲ.

ನಾವು ಕೇಳೋಣ. ಸ್ಪರ್ಧೆಗೆ ನಿಲ್ಲುವ ಬ್ಯಾಂಡಿನಲ್ಲಿ ಊದುವವರು ಸುಮಾರು 25 ಮಂದಿ, ಜೊತೆಗೆ ಡ್ರಮ್ಮಿನವರು. ಟ್ರಂಪೆಟ್ ಇಲ್ಲ, ಅದರ ಜಾಗದಲ್ಲಿ ಕಾರ್ನೆಟ್. ಟ್ರಂಪೆಟ್ಟಿನ ಕೊಳವೆ ಬಹುಪಾಲು ಒಂದೇ ಅಗಲ. ದನಿ ಈಟಿಯ ಹಾಗೆ ಮುನ್ನುಗ್ಗುತ್ತದೆ. ಕಾರ್ನೆಟ್, ಟೆನರ್ ಹಾರ್ನ್, ಯೂಫೋನಿಯಂಗಳ ಕೊಳವೆ ತುಟಿಯಿಂದ ತುದಿಯ ಕಡೆಗೆ ಹಿಗ್ಗುತ್ತಾ ಹೋಗುತ್ತದೆ. ದನಿ ದುಂಡಗಾಗಿ ಪಕ್ಕದವನ ದನಿಯೊಳಗೆ ಬೆರೆಯುತ್ತದೆ. ಗುಂಡಿ ಒತ್ತಿ ಊದುವ ಈ ವಾದ್ಯಗಳಿಗೆಲ್ಲ, ಸಣ್ಣ ಕಾರ್ನೆಟ್ಟಿನಿಂದ ದೊಡ್ಡ ಟ್ಯೂಬಾದವರೆಗೆ, ಸ್ವರ ಬರೆಯುವ ಕ್ರಮ ಒಂದೇ, ಬೆರಳಾಟ ಒಂದೇ. ಯೂಫೋನಿಯಂನವನು ಬಾರದಿದ್ದರೆ ಹಾರ್ನಿನವನು ಅವನ ಜಾಗದಲ್ಲಿ ಕೂರಬಹುದು. ತುಟಿ ಪಳಗಬೇಕು, ನಿಜ. ಹೊಸ ಲಿಪಿ ಕಲಿಯಬೇಕಾಗಿಲ್ಲ. ದಿನವೆಲ್ಲ ದುಡಿದು, ಸಂಜೆ ಸಂಬಳವಿಲ್ಲದೆ ಊದಲು ಬರುವವರಿಗೆ ಒಗ್ಗುವ ವಿದ್ಯೆ ಇದು.

ದೊಡ್ಡ ಸ್ಪರ್ಧೆಗಳಲ್ಲಿ ತೀರ್ಪುಗಾರರನ್ನು ಮುಚ್ಚಿದ ಡೇರೆಯೊಳಗೆ ಕೂರಿಸುತ್ತಾರೆ. ಊದುತ್ತಿರುವವರು ಯಾವ ಊರಿನವರು, ಯಾರ ಮಕ್ಕಳು ಅವರಿಗೆ ಕಾಣುವುದಿಲ್ಲ. ಕಿವಿಗೆ ಬಿದ್ದದ್ದಷ್ಟೇ ಲೆಕ್ಕ. ಮುಖ ನೋಡಿ ಮಣೆ ಹಾಕುವ ವಿಮರ್ಶಕರು ಆ ಡೇರೆಯೊಳಗೆ ಒಂದು ದಿನ ಕೂತು ಬರಲಿ.

ವಾದ್ಯಕ್ಕೆ ದುಡ್ಡು ಕೊಟ್ಟವರು ಧಣಿಗಳಲ್ಲವೆ ಅನ್ನುವವರಿದ್ದಾರೆ. ಅನೇಕ ಕಡೆ ಕೊಟ್ಟದ್ದು ಹೌದು. ಹಿತ್ತಾಳೆ ಧಣಿಯದಾದರೂ ಉಸಿರು ಕೂಲಿಯವನದು. 1934ರಲ್ಲಿ ವೇಲ್ಸಿನ ಗ್ರೆಸ್‌ಫರ್ಡ್ ಗಣಿಯ ಸ್ಫೋಟದಲ್ಲಿ 266 ಜನ ಸತ್ತರು. ಬಹುಪಾಲು ಹೆಣಗಳು ಗಣಿಯೊಳಗೇ ಉಳಿದವು. ಗಣಿಯಲ್ಲಿ ದುಡಿದ ರಾಬರ್ಟ್ ಸೇಂಟ್ ಅವರಿಗಾಗಿ ಒಂದು ರಾಗ ಕಟ್ಟಿದ. ಅದಕ್ಕೆ ಮಾತಿಲ್ಲ. ಡರ್‌ಹ್ಯಾಮಿನ ಗಣಿ ಕಾರ್ಮಿಕರ ಜಾತ್ರೆಯಲ್ಲಿ ಇಂದಿಗೂ ಅದನ್ನು ಊದುತ್ತಾರೆ. ಇದು ಧಣಿ ಕೇಳಿ ಬರೆಸಿಕೊಂಡ ಸಂಗೀತವಲ್ಲ.

ಕೊರತೆಯನ್ನೂ ಹೇಳಬೇಕು. ಬಹುಕಾಲ ಈ ಒಗ್ಗಟ್ಟಿನೊಳಗೆ ಹೆಂಗಸರಿಗೆ ಜಾಗ ಸಿಕ್ಕಿದ್ದು ಅಪರೂಪ. ಪಕ್ಕದವನ ದನಿ ಕೇಳಿಸಿಕೊಂಡವರಿಗೆ ಮನೆಯೊಳಗಿನ ದನಿ ಕೇಳಿಸಲಿಲ್ಲ.

1992ರ ಅಕ್ಟೋಬರಿನಲ್ಲಿ ಸರ್ಕಾರ 31 ಗಣಿ ಮುಚ್ಚುತ್ತೇವೆ ಅಂತು. ಯಾರ್ಕ್‌ಷೈರಿನ ಗ್ರೈಮ್‌ಥಾರ್ಪ್ ಅದರಲ್ಲೊಂದು. ಅದೇ ವಾರ ಆ ಊರಿನ ಬ್ಯಾಂಡು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಾಷ್ಟ್ರೀಯ ಸ್ಪರ್ಧೆ ಗೆದ್ದಿತು. 1993ರಲ್ಲಿ ಗಣಿ ಮುಚ್ಚಿತು, ಬ್ಯಾಂಡು ಉಳಿಯಿತು. 1996ರ 'ಬ್ರಾಸ್ಡ್ ಆಫ್' ಚಿತ್ರದಲ್ಲಿ ಕೇಳುವುದು ಅದೇ ಬ್ಯಾಂಡಿನ ನಾದ.

ನಾದ ಉಳಿಯಿತಲ್ಲ ಅಂತ ಕಣ್ಣೊರೆಸಿಕೊಂಡು ಎದ್ದವರನ್ನು ನಾವು ಕೇಳುವುದು ಇಷ್ಟೇ: ಪಕ್ಕಪಕ್ಕ ದುಡಿದವರು ಪಕ್ಕಪಕ್ಕ ಕೂತು ಊದಿದ್ದರಿಂದ ಹುಟ್ಟಿದ್ದು ಇದು. ಆ ದುಡಿಮೆಯನ್ನೇ ಕಿತ್ತುಕೊಂಡ ಮೇಲೆ, ಮುಂದೆ ಇದು ಯಾರ ಮಕ್ಕಳ ತುಟಿಗೆ ಬರಬೇಕು?