ಕೆತ್ತನೆಯ ಕುರ್ಚಿಯೂ ಕರ್ತೃವಿನ ಹೆಸರೂ

ಹದಿನೆಂಟನೆಯ ಶತಮಾನದ ಫ್ರೆಂಚ್ ಕೆತ್ತನೆಯ ಕುರ್ಚಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಹೂಬಳ್ಳಿಗಳನ್ನು ವರ್ಣಿಸಿ, ಅದು ಯಾವ ಅರಸನ ಕಾಲದ್ದೆಂದು ಹೇಳಿ ಮುಗಿಸುತ್ತಾರೆ. ಈ ಕ್ರಮ ಸಾಲದೆಂಬುದು ನಮ್ಮ ಅಭಿಪ್ರಾಯ. ಕುರ್ಚಿಯ ವಿಮರ್ಶೆ ಅದನ್ನು ಮಾಡಿದ ಕೈಗಳಿಂದ ಮೊದಲಾಗಬೇಕು.

ಪ್ಯಾರಿಸ್ಸಿನಲ್ಲಿ ಇಂತಹ ಕುರ್ಚಿ ಒಬ್ಬನಿಂದಲೇ ಆಗುತ್ತಿರಲಿಲ್ಲ. ಬಡಗಿಯು ಹೆಚ್ಚಾಗಿ ಬೀಚ್ ಮರವನ್ನು ಬಳಸಿ, ಒಂದು ತುಂಡಿನ ತುದಿಯನ್ನು ಮತ್ತೊಂದರ ಗುಳಿಯಲ್ಲಿ ಕೂರಿಸಿ, ಮರದ ಗೂಟ ಹೊಡೆದು ಚೌಕಟ್ಟನ್ನು ಕಟ್ಟುತ್ತಿದ್ದನು. ಕೆತ್ತನೆಗೆ ಬೇಕಾದ ದಪ್ಪವನ್ನು ಅವನೇ ಮೊದಲು ಉಳಿಸಿಡಬೇಕಾಗಿತ್ತು. ಅನಂತರ ಕೆತ್ತನೆಗಾರನ ಉಳಿ ಆಡುತ್ತಿತ್ತು. ಚಿನ್ನದ ರೇಕು ಹಚ್ಚುವವನು ಸೀಮೆಸುಣ್ಣ ಮತ್ತು ಅಂಟಿನ ಲೇಪವನ್ನು ಬಳಿದು, ಅದರಿಂದ ಮಸುಕಾದ ಗೆರೆಗಳನ್ನು ಮತ್ತೆ ತಿದ್ದುತ್ತಿದ್ದನು. ಕೊನೆಗೆ ಮೆತ್ತೆ ಹೊದಿಸುವವನ ಸರದಿ.

ಬಡಗಿಗಳ ಸಂಘವು 1743ರಲ್ಲಿ ರೂಪಿಸಿ 1751ರಲ್ಲಿ ಜಾರಿಗೆ ತಂದ ನಿಯಮದಂತೆ, ಗುರುಪದವಿ ಪಡೆದ ಬಡಗಿಯು ತನ್ನ ಹೆಸರಿನ ಮುದ್ರೆಯನ್ನು ಚೌಕಟ್ಟಿಗೆ ಒತ್ತಬೇಕಾಗಿತ್ತು. 1765ರಲ್ಲಿ ಆ ಪದವಿ ಪಡೆದ ಜಾರ್ಜ್ ಜಾಕೋಬನ ಕುರ್ಚಿಗಳನ್ನು ಇಂದು ಗುರುತಿಸಲು ಈ ಮುದ್ರೆಯೇ ದೊಡ್ಡ ಆಧಾರ. ಆದರೆ ಕೆತ್ತನೆಗಾರರು ಬೇರೆ ಸಂಘದವರು. ಅವರಿಗೆ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಆದಕಾರಣ ನಾವು ಯಾವ ಕೆಲಸವನ್ನು ಮೆಚ್ಚುತ್ತೇವೆಯೋ ಅದನ್ನು ಮಾಡಿದವನ ಹೆಸರೇ ಹಲವು ವೇಳೆ ಅಳಿದುಹೋಗಿದೆ. ಮುದ್ರೆಯು ಹೇಳುವುದು ಅರ್ಧ ಚರಿತ್ರೆ ಮಾತ್ರ.

ಮೈಸೂರಿನವರಾದ ನಮಗೆ ಇದು ಪರದೇಶದ ವಿಷಯವೆಂದು ತೋರಬೇಕಾಗಿಲ್ಲ. 1788ರಲ್ಲಿ ವರ್ಸೈಲ್ಸ್‌ಗೆ ಹೋದ ಟಿಪ್ಪುವಿನ ರಾಯಭಾರಿಗಳು ಹದಿನಾರನೆಯ ಲೂಯಿಯಿಂದ ಸೈನಿಕ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಬೇಡಿದ್ದರು. ಕೈಗೆಲಸದ ಬೆಲೆ ನಮ್ಮವರಿಗೆ ಅಪರಿಚಿತವಾಗಿರಲಿಲ್ಲ. ಹಾಗಿದ್ದೂ, 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಪ್ರಸ್ತಾಪ ಬಂದಾಗಲೆಲ್ಲ ಶಿಲ್ಪಯೋಜಕ ಹೆನ್ರಿ ಇರ್ವಿನ್ ನೆನಪಾಗುತ್ತಾನೆ. ಅಂಬಾವಿಲಾಸದ ಬೀಟೆಮರದ ಬಾಗಿಲಲ್ಲಿ ದಂತವನ್ನು ಕೂರಿಸಿದವರು ನೆನಪಾಗುವುದಿಲ್ಲ. ಮೈಸೂರಿನ ಬೀಟೆಮರದ ಈ ಕಲೆಗೆ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯೂ ಊರಿನ ಹೆಸರನ್ನು ಕಾಯುತ್ತದೆಯೇ ಹೊರತು ಕೆಲಸಗಾರನ ಹೆಸರನ್ನಲ್ಲ.

ಸಿಂಹಾಸನದ ಮೇಲೆ ಕುಳಿತವರ ವಂಶಾವಳಿಯನ್ನು ಬೋಧಿಸುವ ನಾವು ಅದನ್ನು ಕಡೆದವರ ವಂಶಾವಳಿಯನ್ನೂ ವಿಚಾರಿಸಬೇಕು. ಮಿರ್ಲೆ, ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ವಿದ್ಯಾರ್ಥಿಗಳು ತಮ್ಮ ಊರಿನ ತೊಟ್ಟಿಮನೆಗಳ ಕಂಬ, ಬಾಗಿಲವಾಡಗಳನ್ನು ಯಾರು ಕೆತ್ತಿದರೆಂದು ಹಿರಿಯರನ್ನು ಕೇಳಿ ಬರೆದಿಡಲಿ. ಮರದ ಮೇಲೆ ಮುದ್ರೆಯಿಲ್ಲದಿರುವಲ್ಲಿ ಬಾಯಿಮಾತೇ ಆಧಾರ. ಹೇಳುವವರು ಇರುವಾಗಲೇ ಅದನ್ನು ಸಂಗ್ರಹಿಸಬೇಕು.