ಕಾರ್ನರ್ ಹುಡುಗನಿಗೆ ಬೈದ ಮೇಲೆ

ಹೊನಲು ಬೆಳಕಿನ ಕಬಡ್ಡಿ ಅಂದ್ರೆ ನಮ್ಮ ಹುಲಿಹೈದರ ಕಡೆ ಅವತ್ತು ಊಟ ಬೇಗ ಮುಗಿಯುತ್ತೆ. ಅಂಥದೊಂದು ರಾತ್ರಿ ಫೈನಲ್‌ನಲ್ಲಿ ನಮ್ಮ ಹುಡುಗರು ಒಂದೇ ಅಂಕದಿಂದ ಸೋತರು. ಕೊನೆಗೆ ಎರಡೂ ಕಡೆ ಸಮ ಇತ್ತು. ಎದುರಾಳಿಯದು ಡು ಆರ್ ಡೈ ರೈಡ್. ಅಂಕ ತರದೆ ಮರಳಿದ್ದರೆ ಅವನೇ ಔಟ್, ಕಪ್ ನಮ್ಮದು. ನಮ್ಮ ಎಡ ಕಾರ್ನರ್ ಹುಡುಗ ಅವನ ಪಾದಕ್ಕೆ ಬಿದ್ದ. ಅವನು ಹುಡುಗನನ್ನು ಎಳೆದುಕೊಂಡೇ ಹೋಗಿ ನಡುಗೆರೆ ಮುಟ್ಟಿದ.

"ಯಾಕ್ ಹಾರಿದ್ಲೇ?" ಅಂತ ಊರೇ ಬೈತು. ನಾನೂ ಬೈದೆ. ಅದೇ ಜಾಗದಲ್ಲಿ ವರ್ಷಗಟ್ಟಲೆ ನಿಂತು ಆಡಿದವನು ನಾನು, ನನ್ನ ಬೈಗುಳಕ್ಕೆ ತೂಕ ಜಾಸ್ತಿ. ಹುಡುಗ ಹೇಳಿದ್ದು ಒಂದೇ ಮಾತು: "ಕಾಕಾ, ನಾ ಹಿಡದಿದ್ದೆ. ಯಾರೂ ಬರಲಿಲ್ರಿ."

ಮರುದಿನ ಯಾರದೋ ಮೊಬೈಲಿನಲ್ಲಿ ಆ ರೈಡ್ ನೋಡಿದೆ. ಒಂದು ಸಲ ಅಲ್ಲ, ಹತ್ತು ಸಲ. ನೋಡುವಾಗ ರೈಡರ್‌ನನ್ನು ಬಿಟ್ಟು ಉಳಿದವರನ್ನು ನೋಡಿದೆ. ಅಂಗಳದಲ್ಲಿ ನಮ್ಮವರು ನಾಲ್ವರು. ರೈಡರ್ ಬಲಕ್ಕೆ ಎರಡು ಹೆಜ್ಜೆ ನುಗ್ಗಿದ, ಅಷ್ಟೇ. ನಮ್ಮ ಕವರ್‌ಗಳಿಬ್ಬರೂ ಅವನ ಬೆನ್ನು ಹತ್ತಿ ಬಲಕ್ಕೆ ಹೋದರು. ಎಡಗಡೆ ಹುಡುಗ ಒಬ್ಬನೇ, ಹಿಂದೆ ಗೆರೆ. ರೈಡರ್ ಗಿರ್ ಅಂತ ತಿರುಗಿ ಕಾಲು ಬೀಸಿದ. ಹುಡುಗ ಹಿಡಿಯದಿದ್ದರೆ ಆ ಕಾಲು ತಾಗುತ್ತಿತ್ತು. ಹಿಡಿದ, ಸರಿಯಾಗೇ ಹಿಡಿದ. ಮುಂದೆ ಬಂದು ದಾರಿ ಕಟ್ಟಬೇಕಾದ ಕವರ್ ಮೂರು ಹೆಜ್ಜೆ ದೂರದಲ್ಲಿದ್ದ.

ಕಬಡ್ಡಿಯ ಹಿಡಿತದ ಗುಟ್ಟು ಇಲ್ಲೇ ಇದೆ. ಗಂಡಸರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಆದರೆ ಎರಡೂ ಕಡೆ ಒಂದೊಂದು ಮೀಟರ್ ಲಾಬಿ. ಯಾರನ್ನಾದರೂ ಮುಟ್ಟುವ ತನಕ ರೈಡರ್‌ಗೆ ಸಿಗುವುದು 8 ಮೀಟರ್ ಅಗಲ ಮಾತ್ರ. ಏಳು ಜನ ನಿಂತಾಗ ಅದು ಇಕ್ಕಟ್ಟು: ಎಡಕ್ಕಿಬ್ಬರು ಕೈ ಹಿಡಿದು, ನಡುವೆ ಮೂವರು, ಬಲಕ್ಕಿಬ್ಬರು. ಕೈ ಹಿಡಿದವನಿಗೆ ಓಡಾಟ ಕಮ್ಮಿ, ಆದರೆ ಜೊತೆಗಾರ ಎಲ್ಲಿದ್ದಾನೆ ಅಂತ ತಿರುಗಿ ನೋಡಬೇಕಿಲ್ಲ. ಮೂರು-ನಾಲ್ಕು ಜನಕ್ಕೆ ಬಂದಾಗ ಅದೇ 8 ಮೀಟರ್ ಬಯಲಾಗಿಬಿಡುತ್ತೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 'ಸ್ಪ್ರೆಡ್' ಅನ್ನೋ ದಾಳಿ ಇದೆ. ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸಿ, ಕಾಯುವವರ ನಡುವೆ ಸಂದು ಮಾಡಿ ನುಗ್ಗುತ್ತಾರೆ. ಅಲ್ಲಿ ಅದಕ್ಕೆ ಹನ್ನೊಂದು ಜನ ಬೇಕು. ನಮ್ಮಲ್ಲಿ ಒಬ್ಬನೇ ಉಸಿರು ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಆ ಕೆಲಸ ಮಾಡಿ ಹೋಗ್ತಾನೆ.

ಇದಕ್ಕೆ ಮದ್ದು ಹಾರುವುದಲ್ಲ, ಹಾರದಿರುವುದು. ರೈಡರ್ ಒಂದು ಕಡೆ ಎಳೆದಾಗ ಇನ್ನೊಂದು ಕಡೆಯ ಕವರ್ ತನ್ನ ಜಾಗ ಬಿಡಬಾರದು. ಆರು ಅಥವಾ ಹೆಚ್ಚು ಜನ ಇದ್ದಾಗ ರೈಡರ್ ಬೋನಸ್ ಗೆರೆಯ ಕಡೆ ಕಾಲು ಚಾಚುವುದು ಎಷ್ಟೋ ಸಲ ಬರೀ ಗಾಳ. ಒಂದು ಬೋನಸ್ ಹೋದರೆ ಹೋಗಲಿ ಬಿಡಿ, ಕಾರ್ನರ್ ಹಾರಿ ಔಟಾಗಬಾರದು. ಎರಡು ಖಾಲಿ ರೈಡ್ ಆದರೆ ಮೂರನೆಯದಕ್ಕೆ ಅವನೇ ಬಂದು ಬೀಳಬೇಕು. ಮೂವರೋ ಇನ್ನೂ ಕಮ್ಮಿಯೋ ಇದ್ದು ಹಿಡಿದರೆ ಸೂಪರ್ ಟ್ಯಾಕಲ್, 2 ಅಂಕ. ನಿಯಮವೇ ತಾಳ್ಮೆಗೆ ಕೂಲಿ ಕೊಡುತ್ತೆ. ನಾವು ಕೊಡುವುದಿಲ್ಲ.

ಟಿವಿಯ ಮೇಲೂ ನನಗೆ ಸಿಟ್ಟಿದೆ. 2019ರಲ್ಲಿ ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ತಂದ. ನಾನೂ ಶಿಳ್ಳೆ ಹೊಡೆದವನೇ. ಆದರೆ ಮರುಪ್ರಸಾರದಲ್ಲಿ ಕ್ಯಾಮೆರಾ ರೈಡರ್‌ನ ಬೆನ್ನಿಗೇ ಅಂಟಿಕೊಂಡಿರುತ್ತೆ. ಕವರ್ ಯಾವಾಗ ಜಾಗ ಬಿಟ್ಟ, ಯಾಕೆ ಬಿಟ್ಟ ಅನ್ನುವುದು ಚೌಕಟ್ಟಿನ ಹೊರಗೇ ಉಳಿಯುತ್ತೆ. ನಮ್ಮ ಹುಡುಗರು ಕಲಿಯುವುದು ಅದನ್ನು ನೋಡಿಯೇ.

ಹಿಡಿತದ ಆಟ ನೋಡಬೇಕೆಂದರೆ 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಸೆಮಿಫೈನಲ್ ನೋಡಿ. ಇರಾನ್ 27, ಭಾರತ 18. ಅಜಯ್ ಠಾಕೂರ್, ಪ್ರದೀಪ್ ನರ್ವಾಲ್ ಇದ್ದ ತಂಡಕ್ಕೆ 18! ನಮ್ಮವರು ಚೆನ್ನಾಗಿ ಆಡಲಿಲ್ಲ ಅಂದುಬಿಟ್ಟರೆ ಅರ್ಧ ಮಾತು. ಅತ್ತ ಕಡೆಯವರು ಆಡಲು ಬಿಡಲಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ಕನ್ನಡಿಗ ಬಿ.ಸಿ. ರಮೇಶ್ ತರಬೇತಿಯ ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಗೆದ್ದದ್ದು 28-25ರಿಂದ. ಅಂಕದ ಮಳೆ ಇಲ್ಲದ ಫೈನಲ್ ಸಪ್ಪೆ ಅಂತ ನನ್ನ ಗೆಳೆಯನೊಬ್ಬ ಚಾನೆಲ್ ಬದಲಿಸಿದ. ಅವನ ಜೊತೆ ಅವತ್ತು ಚಹಾ ಕುಡಿಯಲಿಲ್ಲ ನಾನು.

ನಮ್ಮ ಊರ ಪಂದ್ಯಾವಳಿಗಳದ್ದೂ ಇದೇ ಕಥೆ. ಬೆಸ್ಟ್ ರೈಡರ್‌ಗೆ ಒಂದು ಬಹುಮಾನ, ಬೆಸ್ಟ್ ಕ್ಯಾಚರ್‌ಗೆ ಒಂದು. ಕ್ಯಾಚರ್ ಬಹುಮಾನ ಪಾದಕ್ಕೆ ಬಿದ್ದವನಿಗೆ ಹೋಗುತ್ತೆ. ಜಾಗ ಬಿಡದೆ ನಿಂತು ರೈಡರ್‌ನನ್ನು ಖಾಲಿ ಕೈಯಲ್ಲಿ ಕಳಿಸಿದ ಕವರ್‌ನ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಕವರ್ ನಿಲ್ಲಲು ಯಾರಿಗೂ ಮನಸ್ಸಿಲ್ಲ. ಎಲ್ಲರಿಗೂ ರೈಡಿಂಗ್ ಬೇಕು. ಉಳಿದವನನ್ನು ಕವರ್‌ಗೆ ತಳ್ಳುತ್ತೇವೆ. ಅವನು ಬೇಸರಕ್ಕೆ ರೈಡರ್‌ನ ಬೆನ್ನು ಹತ್ತಿ ಓಡುತ್ತಾನೆ.

ಆ ಹುಡುಗ ಹದಿನೈದು ದಿನ ಅಭ್ಯಾಸಕ್ಕೆ ಬರಲಿಲ್ಲ. ಮೊಬೈಲ್ ಹಿಡಿದು ಅವನ ಮನೆಗೇ ಹೋದೆ, ಕಟ್ಟೆ ಮೇಲೆ ಕೂತು ವಿಡಿಯೊ ತೋರಿಸಿದೆ. "ನಿಂದಲ್ಲಪಾ ತಪ್ಪು, ನಾ ಸುಮ್ಮನ ಬೈದೆ" ಅಂದೆ. ಅವನು ವಿಡಿಯೊ ಪೂರ್ತಿ ನೋಡಲೇ ಇಲ್ಲ.

"ಅದು ನನಗ ಅವತ್ತ ಗೊತ್ತಿತ್ರಿ ಕಾಕಾ. ಈ ಸಲ ಎಡಕ್ಕ ಕವರ್ ಯಾರನ್ನ ನಿಲ್ಲಸ್ತೀರಿ, ಅದನ್ನ ಹೇಳ್ರಿ."